ಸಂಶಯ ಬಂದವರು ಸುಮ್ಮನಿರಬಾರದು

ನಮ್ಮ ೧೦೮ ವಾಹನಗಳಲ್ಲಿ ಚಾಲಕನನ್ನು 'ಪೈಲಟ್' ಎಂದು ಕರೆಯುತ್ತಾರೆ. ರಾಜ್ಯದಲ್ಲಿ ಈ ಸೇವೆ ೨೦೦೮ರ ನವೆಂಬರಿನಲ್ಲಿ ಆರಂಭವಾದಾಗ ಹಳ್ಳಿಗಳಲ್ಲಿ ಈ ಹೆಸರು ಕೇಳಿ ನಕ್ಕವರಿದ್ದರು. ಆದರೆ ಹೆಸರು ಅಷ್ಟೇನೂ ತಪ್ಪಲ್ಲ. ರೋಗಿಯನ್ನು ಸಾಗಿಸುವವರು ವಿಮಾನ ನಡೆಸುವವರಿಂದ ಕಲಿಯಬೇಕಾದ ಒಂದು ಪಾಠ ನಿಜವಾಗಿಯೂ ಇದೆ.

೨೦೧೦ರ ಮೇ ೨೨ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಬಿದ್ದುದನ್ನು ಕನ್ನಡಿಗರು ಮರೆತಿಲ್ಲ. ವಿಮಾನದಲ್ಲಿದ್ದ ೧೬೬ ಜನರಲ್ಲಿ ಉಳಿದವರು ೮ ಮಂದಿ. ವಿಮಾನ ಇರಬೇಕಾದುದಕ್ಕಿಂತ ಎತ್ತರದಲ್ಲಿತ್ತು. ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರೋಣ ಎಂದು ಸಹಚಾಲಕರು ಮೂರು ಬಾರಿ ಹೇಳಿದ್ದರು, ಯಂತ್ರವೂ ಎಚ್ಚರಿಸಿತ್ತು. ಆದರೂ ಮುಖ್ಯ ಚಾಲಕರು ಇಳಿಯುವುದನ್ನು ಕೈಬಿಡಲಿಲ್ಲ ಎಂದು ತನಿಖಾ ವರದಿ ಹೇಳಿತು. ೧೯೭೭ರಲ್ಲಿ ಟೆನೆರಿಫ್ ದ್ವೀಪದಲ್ಲಿ ಎರಡು ಜಂಬೋ ವಿಮಾನಗಳು ನೆಲದ ಮೇಲೆಯೇ ಡಿಕ್ಕಿಯಾಗಿ ೫೮೩ ಜನ ಸತ್ತಾಗಲೂ ಹೀಗೆಯೇ ಆಗಿತ್ತು. ಎದುರಿನ ವಿಮಾನ ರನ್‌ವೇ ಬಿಟ್ಟಿದೆಯೇ ಎಂದು ಫ್ಲೈಟ್ ಎಂಜಿನಿಯರ್ ಕೇಳಿದರು. ಹಿರಿಯ ಕ್ಯಾಪ್ಟನ್ 'ಹೌದು' ಎಂದರು. ಎಂಜಿನಿಯರ್ ಮತ್ತೆ ಕೇಳಲಿಲ್ಲ.

ಇಂಥ ದುರಂತಗಳಿಂದ ಹುಟ್ಟಿದ ತರಬೇತಿಗೆ 'ಕ್ರೂ ರಿಸೋರ್ಸ್ ಮ್ಯಾನೇಜ್‌ಮೆಂಟ್' ಎಂದು ಹೆಸರು. ೧೯೭೯ರಲ್ಲಿ ಅಮೆರಿಕದ ನಾಸಾ ನಡೆಸಿದ ಸಮಾವೇಶದಲ್ಲಿ ಇದಕ್ಕೆ ರೂಪ ಬಂತು. ಹೆಸರು ಉದ್ದವಾದರೂ ತಿರುಳು ಸರಳ. ತಂಡದಲ್ಲಿ ಯಾರಿಗೆ ಅಪಾಯ ಮೊದಲು ಕಂಡರೂ ಅವರು ಹೇಳಬೇಕು, ಹಿರಿಯರು ಅದನ್ನು ಕೇಳಬೇಕು.

ಆಸ್ಪತ್ರೆಗೂ ಇದಕ್ಕೂ ಏನು ಸಂಬಂಧ ಎನ್ನುವಿರಾ? ೨೦೦೫ರಲ್ಲಿ ಇಂಗ್ಲೆಂಡಿನಲ್ಲಿ ಎಲೇನ್ ಬ್ರೋಮಿಲಿ ಎಂಬ ಮಹಿಳೆಯನ್ನು ಮೂಗಿನ ಸಣ್ಣ ಶಸ್ತ್ರಚಿಕಿತ್ಸೆಗೆ ಕರೆದೊಯ್ದರು. ಅರಿವಳಿಕೆ ಕೊಟ್ಟ ಮೇಲೆ ಶ್ವಾಸನಾಳಕ್ಕೆ ಕೊಳವೆ ಹಾಕಲು ಆಗಲಿಲ್ಲ. ಅನುಭವಿ ವೈದ್ಯರೇ ಮತ್ತೆ ಮತ್ತೆ ಅದನ್ನೇ ಪ್ರಯತ್ನಿಸುತ್ತ ಸಮಯದ ಲೆಕ್ಕ ಮರೆತರು. ಕತ್ತಿನಲ್ಲಿ ರಂಧ್ರ ಮಾಡಿ ಗಾಳಿ ಕೊಡುವ ಸಲಕರಣೆಯನ್ನು ಒಬ್ಬ ದಾದಿ ಆಗಲೇ ತಂದಿಟ್ಟಿದ್ದರು. ಇನ್ನೊಬ್ಬರು ತೀವ್ರ ನಿಗಾ ಘಟಕದಲ್ಲಿ ಹಾಸಿಗೆ ಕೇಳಿ, ವೈದ್ಯರು ನೋಡಿದ ನೋಟಕ್ಕೆ ಅಳುಕಿ ಅದನ್ನು ರದ್ದು ಮಾಡಿದರು. ಏನು ಆಗಬೇಕೆಂದು ಅವರಿಗೆ ಗೊತ್ತಿತ್ತು. ಹೇಗೆ ಹೇಳಬೇಕೆಂದು ತಿಳಿಯಲಿಲ್ಲ. ಎಲೇನ್ ೧೩ ದಿನಗಳ ನಂತರ ತೀರಿಕೊಂಡರು. ಆಕೆಯ ಪತಿ ಮಾರ್ಟಿನ್ ವಿಮಾನ ಚಾಲಕ. ತಮ್ಮ ವೃತ್ತಿಯ ಈ ಪಾಠವನ್ನು ಆಸ್ಪತ್ರೆಗಳಿಗೆ ತಲುಪಿಸಲು ಅವರು ಅಂದಿನಿಂದ ದುಡಿದಿದ್ದಾರೆ.

ಏರ್ ಆಂಬುಲೆನ್ಸಿನಲ್ಲಿ ಎರಡೂ ಕಷ್ಟಗಳು ಒಟ್ಟಿಗೇ ಬರುತ್ತವೆ. ಚಾಲಕರಿಗೆ ವೈದ್ಯ ತಿಳಿಯದು, ವೈದ್ಯರಿಗೆ ಹಾರಾಟ ತಿಳಿಯದು. ಕ್ಯಾಬಿನ್ನಿನ ಗಾಳಿಯ ಒತ್ತಡ ೮೦೦೦ ಅಡಿ ಎತ್ತರದಲ್ಲಿರುವಷ್ಟಕ್ಕೆ ಇಳಿದರೆ, ದೇಹದೊಳಗೆ ಸಿಕ್ಕಿಕೊಂಡ ಗಾಳಿ ಸುಮಾರು ಮೂರನೇ ಒಂದರಷ್ಟು ಹಿಗ್ಗುತ್ತದೆ. ಎದೆಗೆ ಪೆಟ್ಟು ಬಿದ್ದು ಶ್ವಾಸಕೋಶದ ಸುತ್ತ ಗಾಳಿ ತುಂಬಿದವನಿಗೆ ಹಾರುವ ಮೊದಲೇ ಕೊಳವೆ ಹಾಕದಿದ್ದರೆ ಇದೇ ಪ್ರಾಣಕ್ಕೆ ಸಂಚಕಾರ. ಇದನ್ನು ಗಮನಿಸಿದವರು ದಾದಿಯೇ ಆಗಿರಲಿ, ವಿಮಾನ ನೆಲದಲ್ಲಿರುವಾಗಲೇ ತಡೆಯಬೇಕು.

ಹವಾಮಾನದ ವಿಷಯವಂತೂ ಇನ್ನೂ ಸೂಕ್ಷ್ಮ. ೨೦೧೧ರ ಮೇ ೨೫ರ ರಾತ್ರಿ ಪಟ್ನಾದಿಂದ ದೆಹಲಿಗೆ ರೋಗಿಯನ್ನು ತರುತ್ತಿದ್ದ ಸಣ್ಣ ವಿಮಾನ ಕೆಟ್ಟ ಹವೆಯಲ್ಲಿ ಫರೀದಾಬಾದಿನ ಮನೆಗಳ ಮೇಲೆ ಬಿದ್ದು, ಒಳಗಿದ್ದ ೭ ಮಂದಿ ಮತ್ತು ನೆಲದ ಮೇಲಿದ್ದ ೩ ಮಂದಿ ಸತ್ತರು. ಅನೇಕ ದೇಶಗಳ ವಾಯು ಆಂಬುಲೆನ್ಸ್ ತಂಡಗಳು ಪಾಲಿಸುವ ಎರಡು ನಿಯಮಗಳಿವೆ. ಹಾರಬಹುದೇ ಎಂದು ನಿರ್ಧರಿಸುವ ತನಕ ರೋಗಿ ಯಾರು, ಎಷ್ಟು ಗಂಭೀರ ಎಂದು ಚಾಲಕರಿಗೆ ಹೇಳುವುದಿಲ್ಲ. ಮಗುವೆಂದು ತಿಳಿದರೆ ಯಾರ ಮನಸ್ಸು ಕರಗದು? ಮೋಡ ಕರಗುವುದಿಲ್ಲ. ಎರಡನೆಯದು, ಹೊರಡಲು ಎಲ್ಲರ ಒಪ್ಪಿಗೆ ಬೇಕು. ಬೇಡವೆನ್ನಲು ಒಬ್ಬರು ಸಾಕು, ಅವರನ್ನು ಯಾರೂ ಹಂಗಿಸುವಂತಿಲ್ಲ.

ಎಂಜಿನ್ನಿನ ಸದ್ದಿನಲ್ಲಿ ಮಾತು ತಪ್ಪಿ ಕೇಳುವುದು ಸಾಮಾನ್ಯ. ಇಂಗ್ಲಿಷಿನಲ್ಲಿ ಫಿಫ್ಟೀನ್, ಫಿಫ್ಟಿ ಒಂದೇ ರೀತಿ ಕೇಳಿಸುತ್ತವೆ. ಕನ್ನಡ ಮೇಲು ಎಂದುಕೊಳ್ಳುವಷ್ಟರಲ್ಲಿ ಇಪ್ಪತ್ತು, ಎಪ್ಪತ್ತು ನೆನಪಾಗುತ್ತವೆ! ಅದಕ್ಕೇ 'ಎರಡು, ಸೊನ್ನೆ' ಎಂದು ಬಿಡಿಸಿ ಹೇಳಬೇಕು. 'ಅರ್ಧ ಎಂ.ಎಲ್. ಅಡ್ರಿನಲಿನ್, ತೊಡೆಯ ಸ್ನಾಯುವಿಗೆ' ಎಂದು ವೈದ್ಯರು ಹೇಳಿದರೆ ದಾದಿ ಅದನ್ನೇ ತಿರುಗಿ ಹೇಳಬೇಕು, ವೈದ್ಯರು 'ಸರಿ' ಎಂದ ಮೇಲೆ ಕೊಡಬೇಕು. ಬರೀ 'ಹೂಂ' ಎಂದರೆ ಕೇಳಿಸಿತೋ ಇಲ್ಲವೋ ದೇವರಿಗೇ ಗೊತ್ತು.

ವಿಮಾನ ನಮ್ಮಲ್ಲಿ ಕೆಲವರಿಗಷ್ಟೇ ಎಟುಕುತ್ತದೆ. ರಸ್ತೆಯ ಆಂಬುಲೆನ್ಸ್ ಎಲ್ಲರದು. ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿಯಿಂದ ಒಬ್ಬ ಬಾಣಂತಿಯನ್ನು ರಾತ್ರಿ ದಾವಣಗೆರೆಗೆ ಒಯ್ಯುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಜೊತೆಯಲ್ಲಿರುವ ಆಶಾ ಕಾರ್ಯಕರ್ತೆಗೆ ರಕ್ತಸ್ರಾವ ಹೆಚ್ಚುತ್ತಿರುವುದು ಕಾಣುತ್ತದೆ. 'ಯಾಕೋ ಸ್ವಲ್ಪ ಜಾಸ್ತಿ ಹೊಂಟಂಗ ಕಾಣ್ತದ್ರಿ' ಎನ್ನುತ್ತಾಳೆ. ಇದು ಮರ್ಯಾದೆಯ ಮಾತು, ಆದರೆ ಯಾರನ್ನೂ ಎಬ್ಬಿಸುವ ಮಾತಲ್ಲ. ಬದಲಿಗೆ ಹೀಗೆ ಹೇಳಬೇಕು: 'ಅಣ್ಣಾರ, ಇಲ್ಲಿ ನೋಡ್ರಿ. ಅರ್ಧ ತಾಸಿನ್ಯಾಗ ಮೂರು ಬಟ್ಟಿ ತೊಯ್ದಾವು. ಇಕಿ ಜೀವಕ್ಕ ಅಪಾಯ ಐತಿ ಅಂತ ನನಗ ಹೆದರಿಕಿ ಆಗೇತಿ. ಗಾಡಿ ರಾಣೆಬೆನ್ನೂರು ಸರ್ಕಾರಿ ದವಾಖಾನಿಗೆ ತಿರುಗಿಸ್ರಿ.' ಕರೆದು ಗಮನ ಸೆಳೆಯುವುದು, ಕಂಡದ್ದನ್ನು ಲೆಕ್ಕದಲ್ಲಿ ಹೇಳುವುದು, ತನ್ನ ಭಯ ಹೇಳುವುದು, ಏನು ಮಾಡಬೇಕೆಂದು ಹೇಳುವುದು. 'ರೀ' ಬಿಡಬೇಕಿಲ್ಲ, ದನಿ ಏರಿಸಬೇಕಿಲ್ಲ. ಉತ್ತರ ಬರದಿದ್ದರೆ ಇನ್ನೊಮ್ಮೆ ಹೇಳಬೇಕು. ಮೂರನೆಯ ಸಲವೂ ಕೇಳದಿದ್ದರೆ ಪೈಲಟ್‌ಗೆ ನೇರವಾಗಿ ಹೇಳಬೇಕು.

ಹಿರಿಯರ ಎದುರು ಮಾತಾಡಬಾರದೆಂದು ಬೆಳೆದ ನಮಗೆ ಇದು ಸುಲಭವಲ್ಲ. ನಾವು ವೈದ್ಯರೂ ಪ್ರಶ್ನೆ ಕೇಳಿಸಿಕೊಂಡು ರೂಢಿಯಾದವರಲ್ಲ. ಆದ್ದರಿಂದ ಬಾಗಿಲು ತೆರೆಯುವ ಕೆಲಸ ಮೇಲಿನವರದೇ. ಹೊರಡುವ ಮುಂಚೆ ಒಂದು ನಿಮಿಷ ನಿಂತು, ಎಲ್ಲರ ಹೆಸರು ಹಿಡಿದು ಕರೆದು, 'ನನ್ನ ಕಣ್ಣಿಗೆ ಬೀಳದ್ದು ನಿಮಗೆ ಕಂಡರೆ ತಕ್ಷಣ ಹೇಳಿ' ಎಂದರೆ ಅರ್ಧ ಅಂಜಿಕೆ ಹೋಗುತ್ತದೆ. ಯಾರಾದರೂ ತಪ್ಪಾಗಿ ಎಚ್ಚರಿಸಿದರೂ ಗದರಬಾರದು. ಗದರಿದ ದಿನದಿಂದ ಆ ಬಾಯಿ ಮುಚ್ಚಿತೆಂದೇ ತಿಳಿಯಿರಿ.

ರೋಗಿಯನ್ನು ಒಪ್ಪಿಸಿ ಬಂದ ಮೇಲೆ, ಸ್ಟ್ರೆಚರ್ ತೊಳೆಯುವ ಹೊತ್ತಿನಲ್ಲೇ, ಐದು ನಿಮಿಷ ಕೂತು ಏನು ಸರಿಯಾಯಿತು, ಎಲ್ಲಿ ತಡವಾಯಿತು ಎಂದು ಮಾತಾಡಿಕೊಳ್ಳುವುದೂ ಈ ತರಬೇತಿಯ ಭಾಗ. ಅಲ್ಲಿ ಮೊದಲ ಮಾತು ತಂಡದ ಅತ್ಯಂತ ಕಿರಿಯರದ್ದಾಗಿರಲಿ. ಹಿರಿಯರು ಶುರು ಮಾಡಿದರೆ ಉಳಿದವರು 'ಹೌದ್ರಿ ಸರ' ಎಂದು ಎದ್ದುಬಿಡುತ್ತಾರೆ.