ದಶಮಾಂಶವೂ ವಿಧವೆಯ ಪಾಲೂ

ಪಾಠಭಾಗ: ಧರ್ಮೋಪದೇಶಕಾಂಡ ೧೪:೨೨-೨೯, ಮಲಾಕಿಯ ೩:೫-೧೦, ಮಾರ್ಕ ೧೨:೩೮-೪೪, ೨ ಕೊರಿಂಥ ೮:೧-೧೫
ಬಾಯಿಪಾಠ ಮಾಡತಕ್ಕ ವಾಕ್ಯ: ೨ ಕೊರಿಂಥ ೮:೧೨



ಬಸವಕಲ್ಯಾಣ ಮತ್ತು ಹುಮನಾಬಾದ್ ಸೀಮೆಯ ಹಳ್ಳಿಯ ಸಭೆಗಳಲ್ಲಿ ಸುಗ್ಗಿಯ ಕಾಲ ಬಂತೆಂದರೆ ಮೂರು ಪ್ರಶ್ನೆಗಳು ಏಳುತ್ತವೆ. ಎರಡೆಕರೆ ತೊಗರಿ ಬಿತ್ತಿದವನು, ಬೀಜಗೊಬ್ಬರದ ಸಾಲವನ್ನು ತೀರಿಸುವ ಮೊದಲು ದಶಮಾಂಶವನ್ನು ಎತ್ತಿಡಬೇಕೋ, ತೀರಿಸಿದ ಮೇಲೋ ಎಂದು ಕೇಳುತ್ತಾನೆ. ಕೂಲಿಯಿಂದ ಜೀವಿಸುವ ವಿಧವೆಯು, ಹೊಲವೇ ಇಲ್ಲದ ನಾನು ಏನು ಕೊಡಲಿ ಎನ್ನುತ್ತಾಳೆ. ಮಳೆ ತಪ್ಪಿ ಬೆಳೆ ಒಣಗಿದವನಾದರೋ, ನಾನು ಕೊಡದೆ ಹೋದದ್ದರಿಂದಲೇ ದೇವರು ಹೊಡೆದನೋ ಎಂದು ಒಳಗೊಳಗೇ ನಡುಗುತ್ತಾನೆ. ಇವು ಹಗುರವಾದ ಪ್ರಶ್ನೆಗಳಲ್ಲ. ಆದಕಾರಣ ದೇವರ ವಾಕ್ಯದ ಬೆಳಕಿನಲ್ಲಿ ಇವುಗಳನ್ನು ವಿಚಾರಿಸೋಣ.

೧. ದಶಮಾಂಶವು ಎಲ್ಲಿಂದ ಬಂತು?

ಮೋಶೆಯ ಧರ್ಮಶಾಸ್ತ್ರಕ್ಕಿಂತ ಮೊದಲೇ ಅಬ್ರಾಮನು ಯುದ್ಧದಿಂದ ಹಿಂದಿರುಗುವಾಗ ಮೆಲ್ಕೀಚೆದೆಕನಿಗೆ ಎಲ್ಲಾದರಲ್ಲಿಯೂ ಹತ್ತನೆಯ ಪಾಲನ್ನು ಕೊಟ್ಟನು (ಆದಿಕಾಂಡ ೧೪). ಯಾಕೋಬನು ಬೇತೇಲಿನಲ್ಲಿ ಅದನ್ನೇ ಹರಕೆ ಮಾಡಿಕೊಂಡನು (ಆದಿಕಾಂಡ ೨೮). ಇವರಿಬ್ಬರನ್ನೂ ಯಾರೂ ಬಲವಂತ ಮಾಡಲಿಲ್ಲ. ತರುವಾಯ ಧರ್ಮಶಾಸ್ತ್ರವು ಇದನ್ನು ಕಟ್ಟಳೆಯಾಗಿ ವಿಧಿಸಿ, ಹೊಲದ ಪೈರು, ದ್ರಾಕ್ಷಾರಸ, ಎಣ್ಣೆ, ದನಕುರಿ ಇವುಗಳಲ್ಲಿ ಹತ್ತನೆಯದನ್ನು ಕರ್ತನದೆಂದು ಎಣಿಸಿತು. ಸ್ವಾಸ್ತ್ಯವಾಗಿ ಭೂಮಿಯನ್ನು ಹೊಂದದ ಲೇವಿಯರು ಅದರಿಂದ ಜೀವಿಸಬೇಕಾಗಿತ್ತು (ಅರಣ್ಯಕಾಂಡ ೧೮).

ಇಲ್ಲಿ ಒಂದು ಸಂಗತಿಯನ್ನು ಗಮನಿಸಿರಿ. ಹೊಲವಿಲ್ಲದ ಕೂಲಿಯವನ ದಿನಗೂಲಿಯಿಂದ ಹತ್ತನೆಯ ಪಾಲನ್ನು ಶಾಸ್ತ್ರವು ಕೇಳಿತೆಂದು ನಾವು ಎಲ್ಲಿಯೂ ಓದುವದಿಲ್ಲ. ಅವನ ಕೂಲಿಯನ್ನು ಹೊತ್ತು ಮುಳುಗುವದರೊಳಗಾಗಿ ಕೊಡತಕ್ಕದ್ದೆಂದು ಓದುತ್ತೇವೆ (ಧರ್ಮೋಪದೇಶಕಾಂಡ ೨೪:೧೫). ಉಳ್ಳವನ ಮೇಲೆಯೇ ಭಾರವನ್ನು ಹೊರಿಸುವದು ಶಾಸ್ತ್ರದ ಕ್ರಮ. ನಮ್ಮ ನೆರೆಯ ಮುಸಲ್ಮಾನರಲ್ಲಿಯೂ ಉಶ್ರ್ ಎಂಬ ಬೆಳೆಯ ಪಾಲು ಉಂಟು; ಮಳೆಯಿಂದ ಬೆಳೆದದ್ದರಲ್ಲಿ ಹತ್ತನೆಯದು, ನೀರೆತ್ತಿ ಕಷ್ಟಪಟ್ಟು ಬೆಳೆದದ್ದರಲ್ಲಿ ಇಪ್ಪತ್ತನೆಯದು. ದುಡಿದವನ ಶ್ರಮಕ್ಕೂ ಖರ್ಚಿಗೂ ಲೆಕ್ಕವುಂಟೆಂಬದು ನ್ಯಾಯವೆಂದು ಅವರೂ ಬಲ್ಲರು.

೨. ಅದನ್ನು ಯಾರು ಉಣ್ಣತಕ್ಕದ್ದು?

ದಶಮಾಂಶ ಎಂದ ಕೂಡಲೆ ಎಷ್ಟು ತರಬೇಕು ಎಂದೇ ನಾವು ಕೇಳುತ್ತೇವೆ. ಧರ್ಮೋಪದೇಶಕಾಂಡದ ಹದಿನಾಲ್ಕನೆಯ ಅಧ್ಯಾಯವು ಅದು ಯಾರಿಗೆ ಹೋಗಬೇಕೆಂಬದನ್ನೂ ಹೇಳುತ್ತದೆ. ಕೊಡುವವನು ತನ್ನ ಮನೆಯವರೊಂದಿಗೆ ದೇವರ ಸನ್ನಿಧಿಯಲ್ಲಿ ಅದನ್ನು ಉಂಡು ಸಂತೋಷಿಸಬೇಕು, ಲೇವಿಯನನ್ನು ಕೈಬಿಡಬಾರದು. ಮೂರು ಮೂರು ವರುಷಕ್ಕೊಮ್ಮೆ ದಶಮಾಂಶವನ್ನೆಲ್ಲಾ ಊರಲ್ಲಿಯೇ ಕೂಡಿಸಿಟ್ಟು, ಲೇವಿಯನೂ ಪರದೇಶಿಯೂ ತಾಯಿತಂದೆಯಿಲ್ಲದ ಮಗುವೂ ವಿಧವೆಯೂ ಬಂದು ಹೊಟ್ಟೆತುಂಬ ಉಣ್ಣುವಂತೆ ಮಾಡಬೇಕು. ಹೀಗಿರಲಾಗಿ ನಮ್ಮ ಕೂಲಿಯ ವಿಧವೆಯು ಆ ಕಾಲದಲ್ಲಿ ಇಸ್ರಾಯೇಲಿನ ಊರಲ್ಲಿದ್ದಿದ್ದರೆ, ದಶಮಾಂಶವನ್ನು ಹೊತ್ತು ತರುವವರ ಸಾಲಿನಲ್ಲಿರದೆ, ಅದನ್ನು ಉಣ್ಣುವವರ ಪಂಕ್ತಿಯಲ್ಲಿ ಕೂತಿರುತ್ತಿದ್ದಳು.

ಮಲಾಕಿಯನ ಮೂರನೆಯ ಅಧ್ಯಾಯವನ್ನು ಅನೇಕರು ಎಂಟನೆಯ ವಚನದಿಂದ ಓದಿ ಜನರನ್ನು ಹೆದರಿಸುತ್ತಾರೆ. ಐದನೆಯ ವಚನದಿಂದ ಓದಿರಿ. ಕೂಲಿಯವನ ಕೂಲಿಯಲ್ಲಿ ಅನ್ಯಾಯ ಮಾಡುವವರಿಗೂ, ವಿಧವೆಯನ್ನೂ ಅನಾಥನನ್ನೂ ಪರದೇಶಿಯನ್ನೂ ಬಾಧಿಸುವವರಿಗೂ ವಿರೋಧವಾಗಿ ಕರ್ತನು ಮೊದಲು ಸಾಕ್ಷಿಯಾಗಿ ನಿಲ್ಲುತ್ತಾನೆ. ಆ ಮೇಲೆ ಭಂಡಾರದ ಮಾತು ಬರುತ್ತದೆ. ಆ ಭಂಡಾರವಾದರೋ ತನ್ನ ಆಲಯದಲ್ಲಿ ಆಹಾರವಿರಬೇಕೆಂದೇ ಆತನು ಕೇಳಿದ್ದು. ಆದದರಿಂದ ವಿಧವೆಯ ಹತ್ತಿರ ತೆಗೆದುಕೊಂಡು ವಿಧವೆಗೆ ಏನೂ ಕೊಡದ ಕಾಣಿಕೆಪೆಟ್ಟಿಗೆಯು, ಎಷ್ಟೇ ತುಂಬಿದರೂ, ಈ ಭಂಡಾರವಲ್ಲ.

ಬಡ ವಿಧವೆಯ ಎರಡು ಕಾಸುಗಳ ಸಂಗತಿಯನ್ನು ನಾವೆಲ್ಲರೂ ಬಲ್ಲೆವು. ಆದರೆ ಅದಕ್ಕೆ ತುಸು ಮೊದಲು, ವಿಧವೆಯರ ಮನೆಗಳನ್ನು ನುಂಗಿ ಉದ್ದ ಪ್ರಾರ್ಥನೆ ಮಾಡುವ ಶಾಸ್ತ್ರಿಗಳನ್ನು ಕರ್ತನು ಗದರಿಸಿದ್ದಾನೆ. ಆಕೆಯ ಕಾಣಿಕೆಯನ್ನು ಆತನು ಮೆಚ್ಚಿದನು. ಆಕೆಯನ್ನು ಹಸಿವಿನಲ್ಲಿ ಬಿಟ್ಟವರನ್ನು ಮೆಚ್ಚಲಿಲ್ಲ.

೩. ಕಲ್ಯಾಣದ ಅಂಗಳದಲ್ಲಿ ಬಿದ್ದ ಅಕ್ಕಿ

ಹಾಗಾದರೆ ಬಡವನು ಕೊಡಲೇಬಾರದೋ? ಕೊಡಬಹುದು, ಮತ್ತು ಅವನ ಕೊಡುವಿಕೆಗೆ ಮಾನವುಂಟು. ಹನ್ನೆರಡನೆಯ ಶತಮಾನದಲ್ಲಿ ಶರಣರು ಕೂಡಿದ್ದ ನಮ್ಮ ಕಲ್ಯಾಣದಲ್ಲಿಯೇ ಹೇಳುವ ಕಥೆಯನ್ನು ನೆನಸಿಕೊಳ್ಳಿರಿ. ಆಯ್ದಕ್ಕಿ ಮಾರಯ್ಯನು ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ಜೀವಿಸುತ್ತಾ ಅದರಲ್ಲಿಯೇ ದಾಸೋಹ ಮಾಡುತ್ತಿದ್ದನು. ಒಂದು ದಿನ ಬೇಕಾದದ್ದಕ್ಕಿಂತ ಹೆಚ್ಚು ತಂದಾಗ ಹೆಂಡತಿಯಾದ ಲಕ್ಕಮ್ಮನು ಅದನ್ನು ಮನೆಗೆ ಸೇರಿಸದೆ, ಬಿದ್ದಿದ್ದಲ್ಲಿಯೇ ಚೆಲ್ಲಿ ಬರುವಂತೆ ಹಿಂದಕ್ಕೆ ಕಳುಹಿಸಿದಳು. ಈ ಕಥೆಯನ್ನು ನಾವು ಸತ್ಯವೇದಕ್ಕೆ ಸಮಾನವೆನ್ನುವದಿಲ್ಲ. ಆದರೆ ಬೋವಜನ ಹೊಲದಲ್ಲಿ ತೆನೆ ಆಯ್ದ ರೂತಳನ್ನು ಬಲ್ಲವರಿಗೆ ಇದರ ರುಚಿ ತಿಳಿಯುವದು. ಆಯ್ದು ತಿನ್ನುವವರ ಮನೆಯಲ್ಲಿಯೂ ದುರಾಶೆಗೆ ಎಡೆಯಿಲ್ಲದೆ ದಾನಕ್ಕೆ ಎಡೆಯಿರಬಹುದು.

ನಮ್ಮ ಕಾಲಕ್ಕೆ ಹತ್ತಿರವಾದ ದೃಷ್ಟಾಂತವೂ ಉಂಟು. ಮಿಜೋ ನಾಡಿನ ಪ್ರೆಸ್ಬಿಟೇರಿಯನ್ ಸಭೆಯ ಸ್ತ್ರೀಯರು ೧೯೧೦ರಲ್ಲಿ, ಪ್ರತಿ ಸಾರಿ ಅಡಿಗೆಗೆ ಇಡುವಾಗ ಒಂದು ಹಿಡಿ ಅಕ್ಕಿಯನ್ನು ಕರ್ತನಿಗೆಂದು ಬೇರೆಯಿಡಲು ಆರಂಭಿಸಿದರು. ಆ ಪದ್ಧತಿಯು ಇಂದಿಗೂ ನಡೆಯುತ್ತಾ ಸುವಾರ್ತೆಯ ಕೆಲಸವನ್ನು ಪೋಷಿಸುತ್ತಿದೆ. ನಮ್ಮ ಹಾಗೆಯೇ ಆಗ ನಿಜಾಮರ ಸಂಸ್ಥಾನದಲ್ಲಿದ್ದ ದೋರ್ನಕಲ್ಲಿನ ಅಜರಯ್ಯನವರು ೧೯೧೨ರಲ್ಲಿ ಆಂಗ್ಲಿಕನ್ ಸಭೆಯ ಮೊದಲನೆಯ ಭಾರತೀಯ ಬಿಷಪರಾದರು. ಅವರು ಬಡ ಹಳ್ಳಿಗರಿಗೆ ಕೊಡುವದನ್ನು ಕಲಿಸಿ, ಕ್ರೈಸ್ತ ದಾನವನ್ನು ಕುರಿತು ಒಂದು ಗ್ರಂಥವನ್ನೇ ಬರೆದರು. ಪರರ ಹಣದಿಂದ ಮಾತ್ರ ನಿಂತ ಸಭೆಯು ತನ್ನ ಕಾಲಮೇಲೆ ನಿಂತದ್ದಲ್ಲವೆಂದು ಅವರು ಕಂಡಿದ್ದರು. ಈ ಸೀಮೆಯ ಮೆಥೊಡಿಸ್ಟ್ ಸಭೆಗಳೂ ಬಹುಕಾಲ ಅಮೇರಿಕದ ಸಹೋದರರ ಕಾಣಿಕೆಯನ್ನು ಉಂಡವು. ೧೯೮೧ರಲ್ಲಿ ಭಾರತ ಮೆಥೊಡಿಸ್ಟ್ ಸಭೆಯು ಸ್ವತಂತ್ರವಾದಂದಿನಿಂದ ಈ ಭಾರವು ನಮ್ಮದೇ.

೪. ಹೊಸ ಒಡಂಬಡಿಕೆಯ ಅಳತೆ

ಸಂತ ಪೌಲನು ಕೊರಿಂಥದವರಿಗೆ ಹತ್ತನೆಯ ಪಾಲೆಂದು ಬರೆಯಲಿಲ್ಲ. ವಾರದ ಮೊದಲನೆಯ ದಿನದಲ್ಲಿ ಪ್ರತಿಯೊಬ್ಬನು ತನಗೆ ದೊರೆತ ವರಮಾನಕ್ಕೆ ತಕ್ಕಂತೆ ಬೇರೆಯಿಡಲಿ ಎಂದನು (೧ ಕೊರಿಂಥ ೧೬:೨). ಮತ್ತು ಒಬ್ಬನ ಹತ್ತಿರ ಇರುವದಕ್ಕೆ ತಕ್ಕಂತೆ ಅವನ ಕಾಣಿಕೆಯು ಅಂಗೀಕಾರವಾಗುವದೇ ಹೊರತು, ಇಲ್ಲದ್ದಕ್ಕೆ ತಕ್ಕಂತೆ ಅಲ್ಲವೆಂದು ತಿಳಿಸಿದನು. ಹತ್ತನೆಯ ಪಾಲು ನಮಗೆ ಒಳ್ಳೇ ಗುರುವು, ಕೊಡುವದನ್ನು ಅಭ್ಯಾಸ ಮಾಡಿಸುವದು. ಆದರೆ ಅದು ತೆರಿಗೆಯೂ ಅಲ್ಲ, ಮಳೆಯನ್ನು ಕೊಳ್ಳುವ ಬೆಲೆಯೂ ಅಲ್ಲ. ಬರಗಾಲದಲ್ಲಿ ಪೈರು ಒಣಗಿದ ಸಹೋದರನೇ, ಕೊಟ್ಟವನ ಹೊಲವೂ ನಿನ್ನ ಹೊಲದ ಪಕ್ಕದಲ್ಲಿಯೇ ಒಣಗಿತಲ್ಲವೇ? ದೇವರು ನಿನ್ನ ಚೀಲವನ್ನು ಎಣಿಸಿ ಮಳೆ ಸುರಿಸುವ ವ್ಯಾಪಾರಿಯಲ್ಲ. ನೀತಿವಂತರ ಮೇಲೆಯೂ ಅನೀತಿವಂತರ ಮೇಲೆಯೂ ಸುರಿಸುವ ತಂದೆ.

ವರಮಾನ ಹೆಚ್ಚಿದವರಿಗಾದರೋ ಹತ್ತನೆಯ ಪಾಲು ಬಹಳ ಸಣ್ಣದು. ಜಾನ್ ವೆಸ್ಲಿಯವರು ಒಂದು ಪ್ರಸಂಗದಲ್ಲಿ ಆಕ್ಸ್‌ಫರ್ಡಿನ ಒಬ್ಬ ಯುವಕನ ವಿಷಯ ಹೇಳುತ್ತಾರೆ. ಅವನಿಗೆ ವರುಷಕ್ಕೆ ೩೦ ಪೌಂಡು ಬಂದಾಗ ೨೮ರಲ್ಲಿ ಜೀವಿಸಿ ೨ನ್ನು ಕೊಟ್ಟನು. ಮರುವರುಷ ೬೦ ಬಂದಾಗಲೂ ೨೮ರಲ್ಲಿಯೇ ಜೀವಿಸಿ ೩೨ನ್ನು ಕೊಟ್ಟನು. ಹೈದರಾಬಾದಿನಲ್ಲಿಯೋ ಪುಣೆಯಲ್ಲಿಯೋ ಸಂಬಳಕ್ಕೆ ಸೇರಿದ ನಮ್ಮ ಮಕ್ಕಳು ಈ ಲೆಕ್ಕವನ್ನು ಬರೆದಿಟ್ಟುಕೊಳ್ಳಲಿ.

೫. ನಾವು ಮಾಡತಕ್ಕದ್ದು

ಮೊದಲನೆಯದು, ಸಾಲ ತಂದು ಕಾಣಿಕೆ ಹಾಕಬೇಡಿರಿ. ನಮ್ಮ ತಿಳುವಳಿಕೆಗೆ ಬೀಜಗೊಬ್ಬರಕ್ಕೆ ತಂದ ಹಣವು ಸಾಹುಕಾರನದು. ಅದನ್ನು ಕಳೆದು ಉಳಿದದ್ದೇ ನಿಮ್ಮ ಬೆಳೆ. ಮದುವೆಯ ಆಡಂಬರದ ಸಾಲವನ್ನು ಮಾತ್ರ ಈ ಲೆಕ್ಕದಲ್ಲಿ ಸೇರಿಸಬೇಡಿರಿ.

ಎರಡನೆಯದು, ಮುದಿ ತಾಯಿತಂದೆಗಳನ್ನು ಹಸಿವಿನಲ್ಲಿಟ್ಟು ಸಭೆಗೆ ತರಬೇಡಿರಿ. ಕೊರ್ಬಾನ್ ಎಂಬ ನೆವವನ್ನು ಕರ್ತನು ಖಂಡಿಸಿದ್ದಾನೆ (ಮಾರ್ಕ ೭).

ಮೂರನೆಯದು, ಪೆಟ್ಟಿಗೆಯನ್ನು ಇಬ್ಬರು ಮೂವರು ಕೂಡಿ ಎಣಿಸಿ, ಒಟ್ಟು ಮೊತ್ತವನ್ನೂ ಖರ್ಚನ್ನೂ ಸಭೆಯ ಮುಂದೆ ಓದಲಿ. ಪೌಲನೂ ಅಪವಾದ ಬಾರದಂತೆ ಜೊತೆಗಾರರನ್ನು ಕರೆದುಕೊಂಡು ಹಣವನ್ನು ಒಯ್ದನು. ಆದರೆ ಧ್ವನಿವರ್ಧಕದಲ್ಲಿ ಕೊಟ್ಟವರ ಹೆಸರನ್ನು ಕೂಗುವದು ಬೇಡ. ಎಡಗೈಗೆ ತಿಳಿಯಬಾರದ್ದು ಊರಿಗೇಕೆ?

ನಾಲ್ಕನೆಯದು, ಸುಗ್ಗಿಯ ಕಾಣಿಕೆಯಲ್ಲಿ ವಿಧವೆಯ ಪಾಲನ್ನು ಮೊದಲು ಎತ್ತಿಡಿರಿ. ಆ ಪಾಲು ಸಭೆಯವರಿಗೆ ಮಾತ್ರವಲ್ಲ, ಯಾವ ಜಾತಿಮತದವರಾದರೂ ಊರಿನ ದಿಕ್ಕಿಲ್ಲದವರಿಗೂ ಸಲ್ಲಲಿ.

ಕಡೆಯದಾಗಿ, ಸಭೆಯ ಕಾಣಿಕೆಯಿಂದ ಉಣ್ಣುವ ಸುವಾರ್ತಿಕರಾದ ನಮಗೂ ಆಜ್ಞೆಯುಂಟು. ಲೇವಿಯರು ತಮಗೆ ಬಂದ ದಶಮಾಂಶದಲ್ಲಿ ಹತ್ತನೆಯ ಪಾಲನ್ನು ಕೊಡಬೇಕಾಗಿತ್ತು (ಅರಣ್ಯಕಾಂಡ ೧೮:೨೬). ಕೇಳುವವನು ಕೊಡುವವನೂ ಆಗಿರಲಿ.

ಸಭೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

೧. ಮೂರನೆಯ ವರುಷದ ದಶಮಾಂಶವನ್ನು ಉಣ್ಣತಕ್ಕ ನಾಲ್ಕು ವಿಧದವರು ಯಾರು? ನಮ್ಮ ಊರಲ್ಲಿ ಅಂಥವರು ಯಾರಿದ್ದಾರೆ?
೨. ಮಲಾಕಿಯ ೩:೫ನ್ನು ಬಿಟ್ಟು ೩:೧೦ನ್ನು ಮಾತ್ರ ಓದಿದರೆ ಏನು ತಪ್ಪಿಹೋಗುವದು?
೩. ಕಳೆದ ಸುಗ್ಗಿಯಲ್ಲಿ ನಮ್ಮ ಸಭೆಯ ಕಾಣಿಕೆಯಿಂದ ಯಾವ ವಿಧವೆಯು ಉಂಡಳು?

ಈ ಮೂರನೆಯ ಪ್ರಶ್ನೆಗೆ ಉತ್ತರ ದೊರೆಯದಿದ್ದರೆ, ಹೊಸ ಕಾಣಿಕೆಯನ್ನು ಕೂಡಿಸುವ ಮುಂಚೆ ಸಭೆಯ ಹಿರಿಯರು ಕೂತು ಅದನ್ನು ತೀರ್ಮಾನಿಸಲಿ. ಸಂತೋಷವಾಗಿ ಕೊಡುವವರನ್ನು ಪ್ರೀತಿಸುವ ದೇವರು ನಮ್ಮ ಕೈಗಳನ್ನು ತೆರೆಯಲಿ. ಆಮೆನ್.