ಪ್ಲಾಸ್ಟಿಕ್ ಬೆರೆತ ಮರದ ತ್ಯಾಜ್ಯದ ಪೈರಾಲಿಸಿಸ್: ಸುಣ್ಣದ ಲೆಕ್ಕ

ಪೀಠೋಪಕರಣ ಹಾಗೂ ಒಳಾಂಗಣ ಕೆಲಸದ ಕಾರ್ಯಾಗಾರಗಳಲ್ಲಿ ಉಳಿಯುವ ತುಂಡುಗಳು ಇಂದು ಬರಿಯ ಮರವಾಗಿ ಉಳಿದಿಲ್ಲ. ಪಾರ್ಟಿಕಲ್ ಬೋರ್ಡ್, ಎಂ.ಡಿ.ಎಫ್., ಪ್ಲೈವುಡ್ ತುಂಡುಗಳ ಅಂಚಿಗೆ ಪಿ.ವಿ.ಸಿ. ಎಡ್ಜ್ ಬ್ಯಾಂಡ್, ಕೆಲವಕ್ಕೆ ಮೇಲ್ಮೈಯ ಮೇಲೂ ಪಿ.ವಿ.ಸಿ. ಹಾಳೆ, ಜೊತೆಗೆ ಪ್ಯಾಕಿಂಗಿನ ಪಾಲಿಥೀನ್ ಅಂಟಿಕೊಂಡೇ ಬರುತ್ತವೆ. ಇಂತಹ ತ್ಯಾಜ್ಯವನ್ನು ಗಾಳಿಯ ಸಂಪರ್ಕವಿಲ್ಲದೆ ಸುಮಾರು 400ರಿಂದ 600 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ಇದ್ದಿಲು, ತೈಲ ಹಾಗೂ ಅನಿಲಗಳನ್ನು ಪಡೆಯುವ ವಿಧಾನವೇ ಪೈರಾಲಿಸಿಸ್. ಘಟಕ ಸ್ಥಾಪಿಸಲು ಹೊರಟವರಿಗೆ ಯಂತ್ರದೊಡನೆ ಒಂದು ಸೇರ್ಪಡೆ ಪುಡಿಯನ್ನೂ ಸೂಚಿಸುವುದುಂಟು. ಅದನ್ನು ಬೆರೆಸಿದರೆ ಪ್ಲಾಸ್ಟಿಕ್ಕಿನ ಚಿಂತೆಯೇ ಇಲ್ಲವೆಂಬುದು ಮಾರುವವರ ಮಾತು. ಆ ಪುಡಿ ಏನು ಮಾಡುತ್ತದೆ, ಅದರ ಖರ್ಚು ಲೆಕ್ಕಪುಸ್ತಕದ ಯಾವ ಮೂಲೆಯಲ್ಲಿ ಅಡಗುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಎಲ್ಲ ಪ್ಲಾಸ್ಟಿಕ್ಕೂ ಒಂದೇ ಅಲ್ಲ. ಪಾಲಿಥೀನ್‌ನಲ್ಲಿ ತೂಕದ ಶೇ. 14ರಷ್ಟು ಜಲಜನಕವಿದೆ, ಮರದಲ್ಲಿ ಅದು ಶೇ. 6ರ ಆಸುಪಾಸು. ಆದುದರಿಂದ ಅಲ್ಪ ಪ್ರಮಾಣದ ಪಾಲಿಥೀನ್ ತೈಲದ ಉಷ್ಣಮೌಲ್ಯಕ್ಕೆ ಸಹಾಯಕವೇ ಆಗಬಹುದು, ಹೆಚ್ಚಾದರೆ ಮೇಣವಾಗಿ ಕೊಳವೆಗಳಲ್ಲಿ ಕಟ್ಟಿಕೊಳ್ಳುತ್ತದೆ. ಪಿ.ವಿ.ಸಿ.ಯ ಕಥೆ ಬೇರೆ. ಅದರ ತೂಕದ ಸುಮಾರು ಶೇ. 57 ಕ್ಲೋರಿನ್. ಮರ ಪೂರ್ತಿ ಇದ್ದಿಲಾಗುವ ಮೊದಲೇ, 250-350 ಡಿಗ್ರಿಯ ನಡುವೆ, ಆ ಕ್ಲೋರಿನ್ ಹೈಡ್ರೋಜನ್ ಕ್ಲೋರೈಡ್ ಅನಿಲವಾಗಿ ಹೊರಬೀಳುತ್ತದೆ. ಅದು ಕಂಡೆನ್ಸರಿನಲ್ಲಿ ನೀರಿನೊಡನೆ ಸೇರಿದರೆ ಹೈಡ್ರೋಕ್ಲೋರಿಕ್ ಆಮ್ಲ. ಸ್ಟೇನ್‌ಲೆಸ್ ಸ್ಟೀಲ್ ಹಾಕಿಸಿದರೆ ಸಾಕೆಂಬ ಭಾವನೆ ಕೆಲವರಲ್ಲಿದೆ. ಸಾಮಾನ್ಯ 304 ದರ್ಜೆಯ ಸ್ಟೀಲನ್ನೂ ಕ್ಲೋರೈಡ್ ಗುಳಿ ಗುಳಿಯಾಗಿ ತಿನ್ನುತ್ತದೆ. ಡಯಾಕ್ಸಿನ್‌ಗಳೆಂಬ ವಿಷವಸ್ತುಗಳು ಉಂಟಾಗುವ ಅಪಾಯಕ್ಕೂ ಮೂಲ ಈ ಕ್ಲೋರಿನ್ನೇ.

ಸೇರ್ಪಡೆ ಪುಡಿಗಳಲ್ಲಿ ಅಗ್ಗವೂ ಪರಿಚಿತವೂ ಆದುದು ಅರಳಿದ ಸುಣ್ಣ, ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಅದು ಹೈಡ್ರೋಜನ್ ಕ್ಲೋರೈಡನ್ನು ಹಿಡಿದು ಕ್ಯಾಲ್ಸಿಯಂ ಕ್ಲೋರೈಡ್ ಆಗುತ್ತದೆ. ತೈಲದಲ್ಲಿನ ಸಾವಯವ ಆಮ್ಲಗಳನ್ನೂ ತಕ್ಕಮಟ್ಟಿಗೆ ತಗ್ಗಿಸುತ್ತದೆ. ಒಂದು ಟನ್ ತ್ಯಾಜ್ಯದಲ್ಲಿ ಶೇ. 2ರಷ್ಟು, ಅಂದರೆ 20 ಕಿ.ಗ್ರಾಂ ಪಿ.ವಿ.ಸಿ. ಇದೆಯೆಂದು ಭಾವಿಸೋಣ. ಅದರಿಂದ ಹುಟ್ಟುವ ಹೈಡ್ರೋಜನ್ ಕ್ಲೋರೈಡ್ ಸುಮಾರು 11.7 ಕಿ.ಗ್ರಾಂ. ರಸಾಯನಶಾಸ್ತ್ರದ ಲೆಕ್ಕದಂತೆ ಇದಕ್ಕೆ ಬೇಕಾದ ಸುಣ್ಣ ಸುಮಾರು 12 ಕಿ.ಗ್ರಾಂ. ಆದರೆ ಪುಡಿಯ ಪ್ರತಿಯೊಂದು ಕಣವೂ ಅನಿಲಕ್ಕೆ ಸಿಗುವುದಿಲ್ಲ. ಮರದಿಂದ ಹೊರಡುವ ಇಂಗಾಲದ ಡೈಆಕ್ಸೈಡೂ ಸುಣ್ಣದಲ್ಲಿ ಪಾಲು ಕೇಳುತ್ತದೆ. ಆದುದರಿಂದ ಇಮ್ಮಡಿ, ಅಂದರೆ 24 ಕಿ.ಗ್ರಾಂ ಹಾಕಿದೆವೆನ್ನೋಣ. ಸುಣ್ಣದ ಬೆಲೆಯನ್ನು ಮಾತ್ರ ನೋಡಿದರೆ ಇದು ಗಣನೀಯ ವೆಚ್ಚವೇನಲ್ಲ.

ಗಮನಿಸತಕ್ಕ ಅಂಶ ಇರುವುದು ಮುಂದೆ. ಬೆರೆಸಿದ ಸುಣ್ಣ ಎಲ್ಲಿಗೂ ಹೋಗುವುದಿಲ್ಲ. ಸುಮಾರು 18 ಕಿ.ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಹಾಗೂ ಉಳಿಕೆ ಸುಣ್ಣ ಸೇರಿ 30 ಕಿ.ಗ್ರಾಂನಷ್ಟು ಇದ್ದಿಲಿನಲ್ಲೇ ಉಳಿಯುತ್ತದೆ. ಮರದ ಶೇ. 30 ಇದ್ದಿಲಾಗುತ್ತದೆಂದು ಹಿಡಿದರೆ ಬರಬೇಕಾದುದು 294 ಕಿ.ಗ್ರಾಂ, ತಕ್ಕಡಿ ತೋರಿಸುವುದು 324. ಉತ್ಪಾದನಾ ವಹಿಯಲ್ಲಿ ಇಳುವರಿ ಶೇ. 10ರಷ್ಟು ಏರಿದಂತೆ ಕಾಣುತ್ತದೆ, ಪುಡಿಯ ಗುಣವೆಂದು ಹೊಗಳಿಕೆಯೂ ಬರುತ್ತದೆ. ವಾಸ್ತವದಲ್ಲಿ ಅದು ನಾವೇ ಹಣ ಕೊಟ್ಟು ತಂದು ಸುರಿದ ಸುಣ್ಣ! ಕ್ಯಾಲ್ಸಿಯಂ ಕ್ಲೋರೈಡ್ ತೇವವನ್ನು ಸೆಳೆಯುವ ವಸ್ತುವಾದ್ದರಿಂದ ಮಳೆಗಾಲದಲ್ಲಿ ಗೋದಾಮಿನ ಚೀಲಗಳ ತೂಕ ಇನ್ನಷ್ಟು ಏರುತ್ತದೆ. ಆ ಇದ್ದಿಲನ್ನು ಕೊಂಡವರ ಕುಲುಮೆಯ ಅಧಿಕ ಉಷ್ಣತೆಯಲ್ಲಿ, ನೀರಾವಿಯ ಸಮ್ಮುಖದಲ್ಲಿ, ಹಿಡಿದಿಟ್ಟ ಆಮ್ಲದ ಒಂದಂಶ ಮರಳಿ ಹೊರಬರಲೂಬಹುದು. ಗಿರಾಕಿ ಎರಡನೆಯ ಸಲ ಬರುವುದಿಲ್ಲ.

ಆದ ಕಾರಣ ಜಂಟಿ ವೆಚ್ಚವನ್ನು ತೂಕದ ಮೇಲೆ ಹಂಚುವುದು ಸರಿಯಲ್ಲ. ಇದ್ದಿಲು, ತೈಲಗಳ ಮಾರಾಟ ಮೌಲ್ಯದ ಅನುಪಾತದಲ್ಲಿ ಹಂಚುವುದು ಯುಕ್ತ. ದಾಸ್ತಾನಿನ ಲೆಕ್ಕಮಾನಕ 2ರ ಪ್ರಕಾರ ವೆಚ್ಚ ಅಥವಾ ಮಾರಾಟದಿಂದ ನಿವ್ವಳವಾಗಿ ಕೈಸೇರಬಹುದಾದ ಮೌಲ್ಯ, ಇವೆರಡರಲ್ಲಿ ಕಡಿಮೆಯಾದುದನ್ನೇ ತೋರಿಸತಕ್ಕದ್ದು. ಸುಣ್ಣ ಬೆರೆತ ಇದ್ದಿಲಿಗೆ ಶುದ್ಧ ಇದ್ದಿಲಿನ ದರ ಕಟ್ಟಿ ಆಸ್ತಿ-ಜವಾಬ್ದಾರಿ ಪಟ್ಟಿಯನ್ನು ಹಿಗ್ಗಿಸಿದರೆ, ಬ್ಯಾಂಕಿನ ಸಾಲ ಸಿಕ್ಕೀತು, ತೀರಿಸುವ ಹಣ ಸಿಕ್ಕದು.

ಇನ್ನೊಂದು ಬಗೆಯ ಸೇರ್ಪಡೆ ಜಿಯೋಲೈಟ್, ವಿಶೇಷವಾಗಿ ಜೆಡ್.ಎಸ್.ಎಂ.-5. ತೈಲದ ಗುಣಮಟ್ಟವನ್ನು ಅದು ಉತ್ತಮಪಡಿಸುವುದು ನಿಜ. ಆದರೆ ಬೇಗನೆ ಇಂಗಾಲ ಕಟ್ಟಿ ನಿಷ್ಕ್ರಿಯವಾಗುತ್ತದೆ, ಸುಟ್ಟು ಪುನಃ ಸಿದ್ಧಪಡಿಸಬೇಕಾಗುತ್ತದೆ. ಸಣ್ಣ ಘಟಕಕ್ಕೆ ಅದು ಹೊರೆಯೆಂದೇ ನನ್ನ ಅಭಿಪ್ರಾಯ.

ಸುಣ್ಣದಿಂದ ಆಗದ ಕೆಲಸಗಳೂ ಇವೆ. ಬೋರ್ಡುಗಳ ಯೂರಿಯಾ-ಫಾರ್ಮಾಲ್ಡಿಹೈಡ್ ಅಂಟಿನಿಂದ ಅಮೋನಿಯ ಹೊರಡುತ್ತದೆ; ಹಿಡಿಯದೆ ಉಳಿದ ಹೈಡ್ರೋಜನ್ ಕ್ಲೋರೈಡಿನೊಡನೆ ಸೇರಿ ಅಮೋನಿಯಂ ಕ್ಲೋರೈಡಿನ ಬಿಳಿ ಪುಡಿಯಾಗಿ ತಂಪಾದ ಕೊಳವೆಗಳನ್ನು ಮುಚ್ಚುತ್ತದೆ. ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಲವಣಗಳಿಂದ ಸಂಸ್ಕರಿಸಿದ ಮರಕ್ಕಂತೂ ಸುಣ್ಣ ಪರಿಹಾರವೇ ಅಲ್ಲ. ಜರ್ಮನಿಯು 2002ರ ತನ್ನ ಹಳೆಮರದ ನಿಯಮಾವಳಿಯಲ್ಲಿ ತ್ಯಾಜ್ಯ ಮರವನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿತು. ಪಿ.ವಿ.ಸಿ.ಯಂತಹ ಹ್ಯಾಲೊಜನ್ ಲೇಪನವಿರುವ ಮರಕ್ಕೆ ಮೂರನೆಯ ವರ್ಗ, ಸಂರಕ್ಷಕ ರಾಸಾಯನಿಕ ಹಚ್ಚಿದ ಮರಕ್ಕೆ ನಾಲ್ಕನೆಯದು. ಅಲ್ಲಿ ವಿಂಗಡಣೆ ಮೊದಲು, ಉಳಿದುದೆಲ್ಲ ಆಮೇಲೆ.

ನಮ್ಮ ಕಾರ್ಯಾಗಾರಗಳಲ್ಲೂ ವಿಂಗಡಣೆಗೆ ಪ್ರಯೋಗಾಲಯವೇ ಬೇಕೆಂದಿಲ್ಲ. ತಾಮ್ರದ ತಂತಿಯನ್ನು ಕೆಂಪಗೆ ಕಾಯಿಸಿ, ಎಡ್ಜ್ ಬ್ಯಾಂಡಿಗೆ ಮುಟ್ಟಿಸಿ, ಮತ್ತೆ ಜ್ವಾಲೆಗೆ ಹಿಡಿದಾಗ ಹಸಿರು ಬಣ್ಣ ಬಂದರೆ ಕ್ಲೋರಿನ್ ಇದೆಯೆಂದು ಶಂಕಿಸಬೇಕು. ಇದನ್ನು ಬಯಲಿನಲ್ಲಿ, ಹೊಗೆ ಮೂಗಿಗೆ ಬಡಿಯದಂತೆ ಮಾಡತಕ್ಕದ್ದು. ನೀರಿನಲ್ಲಿ ಮುಳುಗುವುದೆಲ್ಲ ಪಿ.ವಿ.ಸಿ. ಎನ್ನುವಂತಿಲ್ಲ, ಎ.ಬಿ.ಎಸ್. ಪಟ್ಟಿಯೂ ಮುಳುಗುತ್ತದೆ, ಆದರೆ ಅದರಲ್ಲಿ ಕ್ಲೋರಿನ್ ಇಲ್ಲ. ಪಿ.ವಿ.ಸಿ. ಅಂಚನ್ನು ಗರಗಸದಿಂದ ಕತ್ತರಿಸಿ ಬೇರೆಯಿಡುವ ಕೂಲಿಯನ್ನು ಮೇಲೆ ಹೇಳಿದ ಇದ್ದಿಲಿನ ನಷ್ಟದೊಡನೆ ಹೋಲಿಸಿ ನೋಡುವುದು ಪ್ರತಿಯೊಬ್ಬ ಮಾಲೀಕರಿಂದಲೂ ಆಗುವ ಕೆಲಸ. ಕತ್ತರಿಸಿದ ನಂತರವೂ ಉಳಿಯುವ ಅಲ್ಪಸ್ವಲ್ಪಕ್ಕೆ ಸುಣ್ಣ ಇರಲಿ.

ಘಟಕ ಸ್ಥಾಪಿಸುವವರು 1974ರ ಜಲ ಕಾಯಿದೆ ಹಾಗೂ 1981ರ ವಾಯು ಕಾಯಿದೆಯಡಿ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆಗೆ ಅರ್ಜಿ ಸಲ್ಲಿಸುವಾಗ ಕಚ್ಚಾವಸ್ತುವನ್ನು ಕೇವಲ ‘ಮರ’ವೆಂದು ಬರೆಯದೆ, ಪ್ಲಾಸ್ಟಿಕ್ ಬೆರೆತಿರುವುದನ್ನೂ ಸ್ಪಷ್ಟವಾಗಿ ನಮೂದಿಸತಕ್ಕದ್ದು. ಯಂತ್ರದ ದರಪಟ್ಟಿಗೆ ಸಹಿ ಹಾಕುವ ಮುನ್ನ, ಇಂತಿಷ್ಟು ಶೇಕಡಾ ಪಿ.ವಿ.ಸಿ. ಇರುವ ತ್ಯಾಜ್ಯದಿಂದ ಬರುವ ತೈಲ ಹಾಗೂ ಇದ್ದಿಲಿನಲ್ಲಿ ಕ್ಲೋರಿನ್ ಎಷ್ಟಿರುತ್ತದೆ, ಬೂದಿಯನ್ನು ಕಳೆದು ಇಳುವರಿ ಎಷ್ಟು ಎಂಬುದನ್ನು ಮಾರುವವರಿಂದ ಬರಹದಲ್ಲಿ ಪಡೆಯುವುದು ಒಳ್ಳೆಯದು.