ಸ್ಥೂಲಕಾಯಕ್ಕೆ ಶಸ್ತ್ರಚಿಕಿತ್ಸೆ

ಉಂಡ ಅನ್ನವು ಜಠರದಲ್ಲಿ ನುರಿದು, ಸಣ್ಣ ಕರುಳಿಗೆ ಇಳಿದು, ಅಲ್ಲಿ ಜೀರ್ಣವಾಗಿ ರಕ್ತವನ್ನು ಸೇರುವುದೆಂದು ನಾವು ಶಾಲೆಯಲ್ಲಿ ಓದಿರುತ್ತೇವೆ. ಈ ದಾರಿಯನ್ನು ಕತ್ತರಿಸಿ ಬೇರೊಂದು ಬಗೆಯಲ್ಲಿ ಜೋಡಿಸಿದರೆ ಏನಾದೀತು? ಅತಿಸ್ಥೂಲರ ಮೈತೂಕವನ್ನು ಇಳಿಸಲು ಶಸ್ತ್ರವೈದ್ಯರು ಮಾಡುವುದು ಇದನ್ನೇ. ಅದರ ಫಲವಾದರೋ ಅವರು ಎಣಿಸಿದ್ದಕ್ಕಿಂತ ಬೇರೆಯಾಯಿತು.

ಮೊದಲ ಪ್ರಯತ್ನಗಳು ಬಲು ಒರಟು. ಅಮೆರಿಕದಲ್ಲಿ ೧೯೫೦ರ ದಶಕದಿಂದ ನಡೆದ ಒಂದು ವಿಧಾನದಲ್ಲಿ ಸಣ್ಣ ಕರುಳಿನ ಬಹುಭಾಗವನ್ನು ಆಹಾರವು ಮುಟ್ಟದಂತೆ ಮಾಡುತ್ತಿದ್ದರು. ತೂಕ ಇಳಿಯಿತು, ನಿಜ. ಅದರೊಡನೆ ನಿಲ್ಲದ ಭೇದಿಯೂ ಮೂತ್ರಪಿಂಡದ ಕಲ್ಲುಗಳೂ ಬಂದವು, ಕೆಲವರ ಯಕೃತ್ತೇ ಕೆಟ್ಟಿತು. ಅದನ್ನು ಕೈಬಿಡಬೇಕಾಯಿತು.

ಅಯೋವ ವಿಶ್ವವಿದ್ಯಾನಿಲಯದ ಎಡ್ವರ್ಡ್ ಮೇಸನ್ ಎಂಬವರು, ಹುಣ್ಣಿನ ನಿಮಿತ್ತ ಜಠರದ ಭಾಗವನ್ನು ತೆಗೆಸಿಕೊಂಡವರು ಸುಲಭವಾಗಿ ಮೈದುಂಬಿಕೊಳ್ಳಲಾರರೆಂಬುದನ್ನು ಗಮನಿಸಿ, ೧೯೬೬ರಲ್ಲಿ ಬೇರೊಂದು ಮಾರ್ಗವನ್ನು ಹಿಡಿದರು. ಅದರ ಈಗಿನ ರೂಪದಲ್ಲಿ ಜಠರದ ಮೇಲ್ಭಾಗವನ್ನು ಎರಡು ದೊಡ್ಡ ಚಮಚೆಯಷ್ಟು ಹಿಡಿಯುವ ಚೀಲವಾಗಿ ಬೇರ್ಪಡಿಸಿ, ಸಣ್ಣ ಕರುಳನ್ನು ಕತ್ತರಿಸಿ ಅದರ ಕೆಳಗಣ ತುಂಡನ್ನು ನೇರವಾಗಿ ಆ ಚೀಲಕ್ಕೆ ಜೋಡಿಸುತ್ತಾರೆ. ಉಳಿದ ಜಠರವು ಒಳಗೇ ಇರುತ್ತದೆ. ಅನ್ನ ಮಾತ್ರ ಅತ್ತ ಸುಳಿಯುವುದಿಲ್ಲ. ಜಠರದ ಮುಕ್ಕಾಲು ಪಾಲನ್ನು ತೆಗೆದು, ಬಾಳೆಹಣ್ಣಿನಾಕಾರದ ನಳಿಕೆಯನ್ನಷ್ಟೇ ಉಳಿಸುವ ವಿಧಾನವೂ ಇಂದು ಬಹಳ ರೂಢಿಯಲ್ಲಿದೆ.

ಚೀಲ ಚಿಕ್ಕದಾದರೆ ಊಟ ಕಡಿಮೆಯಾಗುತ್ತದೆ, ಊಟ ಕಡಿಮೆಯಾದರೆ ಮೈ ಇಳಿಯುತ್ತದೆ. ಲೆಕ್ಕ ಇಷ್ಟು ಸರಳವೆಂದೇ ಎಲ್ಲರೂ ಬಗೆದಿದ್ದರು. ಆದರೆ ಮಧುಮೇಹವಿದ್ದ ರೋಗಿಗಳಲ್ಲಿ ಒಂದು ವಿಚಿತ್ರವು ಕಂಡುಬಂತು. ತೂಕವು ಇನ್ನೂ ಹೆಚ್ಚೇನೂ ಇಳಿಯದಿರುವಾಗಲೇ, ಕೆಲವೇ ದಿನಗಳಲ್ಲಿ, ರಕ್ತದ ಸಕ್ಕರೆ ತಗ್ಗಿತು! ಉತ್ತರ ಕೆರೊಲಿನದ ವಾಲ್ಟರ್ ಪೋರೀಸ್ ಮತ್ತು ಸಂಗಡಿಗರು ೧೯೯೫ರಲ್ಲಿ ಪ್ರಕಟಿಸಿದ ವರದಿಯಂತೆ, ೧೪೬ ಮಂದಿ ಮಧುಮೇಹಿಗಳಲ್ಲಿ ೧೨೧ ಮಂದಿಯ ಸಕ್ಕರೆ ಸಹಜಮಟ್ಟದಲ್ಲಿಯೇ ನಿಂತಿತ್ತು.

ಶಸ್ತ್ರಚಿಕಿತ್ಸೆಯ ಬಳಿಕ ಮೊದಮೊದಲು ಬಹು ಸ್ವಲ್ಪವೇ ಆಹಾರವಾದುದರಿಂದ ಸಕ್ಕರೆ ಇಳಿಯುವುದಕ್ಕೆ ಅದೂ ಒಂದು ಕಾರಣವೇ. ಆದರೆ ಅಷ್ಟರಿಂದಲೇ ಎಲ್ಲವೂ ವಿಶದವಾಗದು. ಜಠರವೂ ಕರುಳೂ ಬರಿಯ ಕೊಳವೆಗಳಲ್ಲ. ಅವು ಹಾರ್ಮೋನುಗಳನ್ನು ಸ್ರವಿಸುವ ಅಂಗಗಳು. ಅನ್ನವು ಬೇಗನೆ ಕೆಳಗಣ ಕರುಳನ್ನು ತಲುಪಿದಾಗ ಅಲ್ಲಿಯ ಕೋಶಗಳು ಜಿಎಲ್‌ಪಿ-೧ ಎಂಬ ಹಾರ್ಮೋನನ್ನು ಹೇರಳವಾಗಿ ಬಿಡುತ್ತವೆ. ಇದು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ನನ್ನು ಹೊರಡಿಸುತ್ತದೆ. ಮಿದುಳಿಗೆ 'ಸಾಕು' ಎಂದು ತಿಳಿಸುತ್ತದೆ. ೧೯೯೯ರಲ್ಲಿ ಜಪಾನಿನ ವಿಜ್ಞಾನಿಗಳು ಕಂಡುಹಿಡಿದ ಗ್ರೆಲಿನ್ ಎಂಬುದು ಇದಕ್ಕೆ ವಿರೋಧಿ: ಜಠರದಿಂದ ಹೊರಟು ಹಸಿವನ್ನು ಕೆರಳಿಸತಕ್ಕದ್ದು. ಜಠರದ ಬಹುಭಾಗವನ್ನು ತೆಗೆದುಹಾಕಿದಾಗ ಅದರ ಪ್ರಮಾಣ ಕುಗ್ಗುತ್ತದೆ. ಸ್ಥೂಲರನ್ನು ಹೊಟ್ಟೆಬಾಕರೆಂದು ಹಂಗಿಸುವವರು ಇದನ್ನು ಆಲೋಚಿಸಬೇಕು. ಹಸಿವೆಯ ಪ್ರಮಾಣವನ್ನು ನಾಲಗೆಯೊಂದೇ ಗೊತ್ತುಮಾಡುವುದಿಲ್ಲ.

ಆಯುಸ್ಸಿನ ಮಾತೇನು? ಸ್ವೀಡನ್ನಿನಲ್ಲಿ ೧೯೮೭ರಿಂದ ಆರಂಭಿಸಿ ಶಸ್ತ್ರಚಿಕಿತ್ಸೆ ಪಡೆದ ೨೦೧೦ ಮಂದಿಯನ್ನೂ ಪಡೆಯದ ೨೦೩೭ ಮಂದಿಯನ್ನೂ ಸರಾಸರಿ ಸುಮಾರು ೧೧ ವರ್ಷ ಗಮನಿಸಿದರು. ೨೦೦೭ರ ವರದಿಯಲ್ಲಿ ಮೊದಲ ಗುಂಪಿನ ಮರಣ ೧೦೧, ಎರಡನೆಯದರಲ್ಲಿ ೧೨೯. ಮೊದಲ ಗುಂಪಿನ ಐವರು ಮಾತ್ರ ಶಸ್ತ್ರಚಿಕಿತ್ಸೆಯಾದ ೯೦ ದಿನಗಳೊಳಗೇ ತೀರಿಕೊಂಡಿದ್ದರೆಂಬುದನ್ನೂ ನಾವು ಮರೆಯಲಾಗದು.

ಬದುಕಿದವರೂ ಬೆಲೆ ತೆರಬೇಕು. ಕೆಲವರಲ್ಲಿ ವರ್ಷಗಳು ಕಳೆದಂತೆ ತೂಕವೂ ಮಧುಮೇಹವೂ ಮರಳಿ ಬರುವುದುಂಟು. ಕಬ್ಬಿಣ, ಸುಣ್ಣದ ಅಂಶಗಳು ಮೈಗೆ ಸಾಲದಾಗುತ್ತವೆ. ಬಿ-೧೨ ಜೀವಸತ್ತ್ವವನ್ನು ಕರುಳು ಹೀರಬೇಕಾದರೆ ಜಠರದ ಸ್ರಾವದ ನೆರವು ಬೇಕು. ಆ ನೆರವು ತಪ್ಪುತ್ತದೆ. ಯಕೃತ್ತಿನಲ್ಲಿ ಬಿ-೧೨ರ ಸಂಗ್ರಹವು ಕೆಲವು ವರ್ಷಕ್ಕೆ ಸಾಕಾಗುವಷ್ಟು ಇರುವುದರಿಂದ ಕೊರತೆಯು ಕೂಡಲೇ ತೋರದು. ರೋಗಿಯು ತಾನು ಗುಣಹೊಂದಿದೆನೆಂದು ಮಾತ್ರೆಗಳನ್ನು ಬಿಟ್ಟು ಬಹುಕಾಲವಾದ ಮೇಲೆ, ಒಂದು ದಿನ ಅಂಗಾಲು ಜೋಮುಹಿಡಿಯತೊಡಗುತ್ತದೆ.